ವಿಮಾನದಲ್ಲಿ ಮದ್ಯ ಕೊಡುವುದನ್ನು ನಿಲ್ಲಿಸಬೇಕೇ?

ಪರ

ದೇಶದೊಳಗೆ ಹಾರುವ ವಿಮಾನಗಳಲ್ಲಿ ಮದ್ಯ ಕೊಡುವುದಿಲ್ಲ. ಬೆಂಗಳೂರಿನಿಂದ ದೆಹಲಿಗೆ ಕಾಫಿ, ನೀರಿನಲ್ಲೇ ಪ್ರಯಾಣ ಮುಗಿಸುವವರು ಅದನ್ನೊಂದು ಕೊರತೆಯೆಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಅದೇ ಪ್ರಯಾಣಿಕರು ವಿದೇಶಕ್ಕೆ ಹೊರಟಾಗ ಮಾತ್ರ ಗ್ಲಾಸು ತುಂಬಿ ಕೈಗೆ ಬರಬೇಕೆನ್ನುವುದು ಆತಿಥ್ಯದ ಹೆಸರಿನಲ್ಲಿ ಬೆಳೆದ ರೂಢಿಯಷ್ಟೇ. ಸೌದಿಯಾ ಮತ್ತು ಕುವೈತ್ ಏರ್‌ವೇಸ್ ಸಂಸ್ಥೆಗಳು ಮದ್ಯವಿಲ್ಲದೆಯೇ ಖಂಡಾಂತರ ಹಾರಾಟ ನಡೆಸುತ್ತಿವೆ.

ಕುಡಿದು ಗಲಾಟೆ ಮಾಡುವವನನ್ನು ಬಸ್ಸಿನ ಕಂಡಕ್ಟರ್ ಸೀಟಿ ಊದಿ ದಾರಿಯಲ್ಲೇ ಇಳಿಸಿಬಿಡಬಹುದು. ಅಟ್ಲಾಂಟಿಕ್ ಸಾಗರದ ಮೇಲೆ ಆ ಅನುಕೂಲವಿಲ್ಲ. 2022ರ ನವೆಂಬರ್ 26ರಂದು ನ್ಯೂಯಾರ್ಕ್‌ನಿಂದ ದೆಹಲಿಗೆ ಹೊರಟಿದ್ದ ಏರ್ ಇಂಡಿಯಾ ವಿಮಾನದ ಬಿಸಿನೆಸ್ ಕ್ಲಾಸ್‌ನಲ್ಲಿ, ಅಮಲಿನಲ್ಲಿದ್ದ ಪ್ರಯಾಣಿಕನೊಬ್ಬ ತಮ್ಮ ಮೇಲೆ ಮೂತ್ರ ವಿಸರ್ಜಿಸಿದನೆಂದು ವೃದ್ಧೆಯೊಬ್ಬರು ದೂರಿದರು. ಸಂಗತಿ ಬಯಲಾದ ಮೇಲೆ, ಜನವರಿಯಲ್ಲಿ, ಆರೋಪಿ ಬೆಂಗಳೂರಿನಲ್ಲಿ ಬಂಧಿತನಾದ. ನ್ಯಾಯಾಲಯದಲ್ಲಿ ಆತ ಆರೋಪವನ್ನು ನಿರಾಕರಿಸಿದ. ಸತ್ಯವನ್ನು ನ್ಯಾಯಾಲಯ ನಿರ್ಣಯಿಸಲಿ. ಆದರೆ ದೂರು ಬಂದ ಗಳಿಗೆಯಲ್ಲಿ ಆ ವೃದ್ಧೆಗೆ ಎದ್ದು ಹೊರಗೆ ಹೋಗಲು ಜಾಗವಿರಲಿಲ್ಲ, ಮತ್ತು ಪರಿಸ್ಥಿತಿಯನ್ನು ನಿಭಾಯಿಸಬೇಕಾಗಿದ್ದವರು ಊಟ, ಪಾನೀಯ ಬಡಿಸುವ ಪರಿಚಾರಕರೇ ಆಗಿದ್ದರು. ಸುರಿಯುವ ಕೈಯೇ ತಡೆಯಲೂಬೇಕು ಎಂಬ ಈ ಏರ್ಪಾಡು ಮೂಲದಲ್ಲೇ ತಪ್ಪು.

ವಿರೋಧ

ವಿಮಾನದ ಬಾಟಲಿಗೆ ಬೀಗ ಹಾಕಿದ ಮಾತ್ರಕ್ಕೆ ಕುಡುಕರು ಹತ್ತುವುದು ನಿಲ್ಲುವುದಿಲ್ಲ. ನಿಲ್ದಾಣದ ಬಾರಿನಲ್ಲಿ ಮುಗಿಸಿ ಬರುವವರಿದ್ದಾರೆ, ಡ್ಯೂಟಿ ಫ್ರೀ ಚೀಲದಲ್ಲಿ ತರುವವರೂ ಇದ್ದಾರೆ. ನಿಲ್ದಾಣಗಳಲ್ಲಿ ಪ್ರಯಾಣಿಕನೊಬ್ಬನಿಗೆ ಎರಡೇ ಪೆಗ್ಗಿನ ಮಿತಿ ಹಾಕಬೇಕೆಂದು ಐರ್ಲೆಂಡಿನ ವಿಮಾನ ಸಂಸ್ಥೆ ರಯಾನ್‌ಏರ್‌ನ ಮುಖ್ಯಸ್ಥ ಮೈಕಲ್ ಓಲಿಯರಿ 2024ರಲ್ಲಿ ಒತ್ತಾಯಿಸಿದರು. (ಅವರ ವಿಮಾನಗಳಲ್ಲೂ ಮದ್ಯ ಮಾರಾಟಕ್ಕಿದೆ ಎಂಬುದು ಬೇರೆ ಮಾತು.)

ಇನ್ನು ನಮ್ಮಲ್ಲಿ ನಿಯಮಗಳ ಬರವೇನೂ ಇಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2017ರಲ್ಲಿ ತಂದ ನಿಯಮಗಳು ದುರ್ವರ್ತನೆಯನ್ನು ಮೂರು ಹಂತಗಳಾಗಿ ವಿಂಗಡಿಸಿವೆ: ಬೈಗುಳ, ಅಮಲಿನ ಗಲಾಟೆಗಳಿಗೆ 3 ತಿಂಗಳವರೆಗೆ, ಮೈಮೇಲೆ ಕೈಮಾಡುವವರಿಗೆ 6 ತಿಂಗಳವರೆಗೆ, ಪ್ರಾಣಕ್ಕೆ ಸಂಚಕಾರ ತರುವವರಿಗೆ ಕನಿಷ್ಠ 2 ವರ್ಷ ಹಾರಾಟ ನಿಷೇಧ. ನಿವೃತ್ತ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ 30 ದಿನಗಳಲ್ಲಿ ತೀರ್ಮಾನಿಸಬೇಕು. ಅಲ್ಲಿಯವರೆಗೂ ಆ ಪ್ರಯಾಣಿಕನನ್ನು ಹೊರಗಿಡುವ ಅಧಿಕಾರ ವಿಮಾನ ಸಂಸ್ಥೆಗೇ ಇದೆ.

ನ್ಯೂಯಾರ್ಕ್ ಪ್ರಕರಣದಲ್ಲಿ ಸೋತದ್ದು ಈ ನಿಯಮಗಳನ್ನು ಪಾಲಿಸುವ ಮನಸ್ಸು. ಡಿಜಿಸಿಎ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ವಿಧಿಸಿ, ಮುಖ್ಯ ಪೈಲಟ್‌ನ ಪರವಾನಗಿಯನ್ನು 3 ತಿಂಗಳು ಅಮಾನತುಗೊಳಿಸಿ, ವಿಮಾನ ಸೇವಾ ವಿಭಾಗದ ನಿರ್ದೇಶಕರಿಗೆ 3 ಲಕ್ಷ ದಂಡ ಹಾಕಿದ್ದು ಕರ್ತವ್ಯಲೋಪಕ್ಕಾಗಿ. ಮದ್ಯ ಕೊಟ್ಟದ್ದೇ ಅಪರಾಧವೆಂದಲ್ಲ. 2022ರ ಡಿಸೆಂಬರ್ 6ರ ಪ್ಯಾರಿಸ್–ದೆಹಲಿ ವಿಮಾನದಲ್ಲಿ ನಡೆದ ಪ್ರಯಾಣಿಕರ ದುರ್ವರ್ತನೆಯನ್ನು ವರದಿ ಮಾಡದಿದ್ದುದಕ್ಕೆ ಏರ್ ಇಂಡಿಯಾ ಮತ್ತೆ 10 ಲಕ್ಷ ತೆರಬೇಕಾಯಿತು.

ಹಾಗಾಗಿ ಬಾಗಿಲಲ್ಲೇ ತೂರಾಡುವವನನ್ನು ಹತ್ತಿಸಿಕೊಳ್ಳಬಾರದು, ಯಾರಿಗೆ ಎಷ್ಟು ಕೊಟ್ಟಾಯಿತೆಂಬುದು ಪರಿಚಾರಕರೆಲ್ಲರಿಗೂ ಗೊತ್ತಿರಬೇಕು, ಇಳಿಯುವ ಮೊದಲೇ ನೆಲದ ಪೊಲೀಸರಿಗೆ ಸುದ್ದಿ ಮುಟ್ಟಬೇಕು. ಇವುಗಳಿಗಿಂತ ಕಷ್ಟದ್ದು ಇನ್ನೊಂದಿದೆ. "ಇನ್ನು ಕೊಡಲಾಗದು ಸರ್" ಎಂದ ಪರಿಚಾರಿಕೆಯ ಮೇಲೆ ದುಬಾರಿ ಟಿಕೆಟಿನ ಪ್ರಯಾಣಿಕ ಮರುದಿನ ದೂರು ಬರೆದಾಗ, ಸಂಸ್ಥೆ ಆಕೆಯಿಂದ ವಿವರಣೆ ಕೇಳುತ್ತದೆಯೋ ಅಥವಾ ಆಕೆ ಮಾಡಿದ್ದು ಸರಿಯೆಂದು ಆ ಪ್ರಯಾಣಿಕನಿಗೆ ಉತ್ತರ ಬರೆಯುತ್ತದೆಯೋ ಎಂಬುದರ ಮೇಲೆ, ಮುಂದಿನ ಹಾರಾಟದಲ್ಲಿ ಆಕೆ ಮತ್ತೊಮ್ಮೆ ಹಾಗೆ ಹೇಳುವ ಧೈರ್ಯ ಮಾಡುವುದು ನಿಂತಿದೆ.