ಸತ್ಯಾಂಶ: ಹಿಂಜರಿತ ಬಂದರೆ ಬ್ಯಾಂಕಿನ ದುಡ್ಡು ಮುಳುಗುತ್ತಾ?

"ಆರ್ಥಿಕ ಹಿಂಜರಿತ ಬರ್ತಿದೆ. ಬ್ಯಾಂಕ್ ಮುಳುಗಿದರೆ ಸಿಗೋದು ಬರೀ ಒಂದು ಲಕ್ಷ. ಎಲ್ಲ ತೆಗೆದು ಚಿನ್ನ ಕೊಳ್ಳಿ." ಫ್ಯಾಮಿಲಿ ಗ್ರೂಪುಗಳಲ್ಲಿ ಇಂಥ ಸಂದೇಶ ಆಗಾಗ ಸುತ್ತುತ್ತಿರುತ್ತದೆ.

ಒಂದು ಲಕ್ಷ ಅನ್ನೋದು ಹಳೇ ಲೆಕ್ಕ. 2020ರ ಫೆಬ್ರವರಿ 4ರಿಂದ ಠೇವಣಿ ವಿಮೆಯ ಮಿತಿ 5 ಲಕ್ಷ ರೂಪಾಯಿ. ಇದನ್ನು ಕೊಡುವುದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿ. ವಿಮೆಯ ಕಂತು ಕಟ್ಟುವುದು ಬ್ಯಾಂಕು, ನಾವಲ್ಲ. ಅಸಲು, ಬಡ್ಡಿ ಎರಡೂ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಇಷ್ಟು. ಅದೇ ಬ್ಯಾಂಕಿನ ಜಯನಗರ ಶಾಖೆಯಲ್ಲೊಂದು, ಮೈಸೂರು ಶಾಖೆಯಲ್ಲೊಂದು ಎಫ್‌ಡಿ ಇಟ್ಟರೂ ಲೆಕ್ಕ ಒಂದೇ. ಬೇರೆ ಬ್ಯಾಂಕಾದರೆ ಬೇರೆ 5 ಲಕ್ಷ.

ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಮಾತ್ರ ಇಲ್ಲ. ಜಾಸ್ತಿ ಬಡ್ಡಿಯ ಆಸೆಗೆ ಅಲ್ಲಿಟ್ಟವರು ಯೋಚಿಸಬೇಕಾದದ್ದು ಹಿಂಜರಿತ ಬಂದಾಗಲ್ಲ, ಈಗಲೇ. ಈ ಮಾತು ಮಾತ್ರ ಯಾವ ಫಾರ್ವರ್ಡಿನಲ್ಲೂ ಕಾಣಲ್ಲ!

ಇನ್ನು ಚಿನ್ನ. ಒಡವೆ ಕೊಂಡರೆ ಮಜೂರಿ, ಜೊತೆಗೆ ಜಿಎಸ್‌ಟಿ. ಮಾರುವಾಗ ಇವೆರಡೂ ವಾಪಸ್ ಬರಲ್ಲ. ಕೆಲಸ ಹೋದ ತಿಂಗಳು ಬಾಡಿಗೆ, ಇಎಂಐ ಕಟ್ಟೋಕೆ ಬೇಕಾಗುವುದು ತಕ್ಷಣ ಕೈಗೆ ಸಿಗೋ ದುಡ್ಡು. ಅದಕ್ಕೆ ನಾಲ್ಕಾರು ತಿಂಗಳ ಮನೆಖರ್ಚಿನಷ್ಟು ಉಳಿತಾಯ ಖಾತೆಯಲ್ಲೋ ಎಫ್‌ಡಿಯಲ್ಲೋ ಇದ್ದರೆ ಸಾಕು.