ಗಡ್ಡದ ತಮ್ಮ, ಬಾಯಿಲ್ಲದ ಅಣ್ಣ

ಏಪ್ರಿಲ್ ಬಂತೆಂದರೆ ನಮ್ಮ ಫ್ಲ್ಯಾಟಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡೇ ಮಾತು. ಮಂಗಳೂರಿಗೆ ನೀರು ಕೊಡುವ ತುಂಬೆ ಡ್ಯಾಮಿನಲ್ಲಿ ನೀರು ಎಷ್ಟು ಉಳಿದಿದೆ, ಮತ್ತೆ ರಾತ್ರಿ ಸೀರಿಯಲ್ಲಿನ ಅಣ್ಣ ಇವತ್ತಾದರೂ ಬಾಯಿ ಬಿಡ್ತಾನಾ. ಈ ಸಲ ಮಳೆ ಮೊದಲು ಬಂತು. ಅಣ್ಣ ಇನ್ನೂ ಬಾಯಿ ಬಿಟ್ಟಿಲ್ಲ.

ಸೀರಿಯಲ್ ಹೆಸರು ಹೇಳುವುದಿಲ್ಲ. ಹೇಳಿಯೂ ಪ್ರಯೋಜನ ಇಲ್ಲ ಮಾರಾಯ್ರೆ, ಯಾವ ಚಾನೆಲ್ ತಿರುಗಿಸಿದರೂ ಅದೇ ಮನೆ, ಹಾಲಿನ ನಡುವೆ ಅದೇ ದೊಡ್ಡ ಮೆಟ್ಟಿಲು, ಮೆಟ್ಟಿಲ ಮೇಲೆ ಗಡ್ಡ ಬಿಟ್ಟ ತಮ್ಮ, ಕೆಳಗೆ ತಲೆ ತಗ್ಗಿಸಿ ನಿಂತ ಅಣ್ಣ. ಅವರದ್ದೊಂದು ಕಂಪನಿ ಉಂಟು. ಅಲ್ಲಿ ಏನು ತಯಾರಾಗುತ್ತದೆ ಅಂತ ಇಷ್ಟು ದಿನದಲ್ಲಿ ಯಾರೂ ಹೇಳಿಲ್ಲ. ಹಂಚಾ, ಗೇರುಬೀಜವಾ, ಬೀಡಿಯಾ? ನಾವು ಮಂಗಳೂರಿನವರು, ಕಾರ್ಖಾನೆ ಅಂದರೆ ವಾಸನೆಯಲ್ಲೇ ಗೊತ್ತಾಗಬೇಕು. ಈ ಕಂಪನಿಯಲ್ಲಿ ಬರೀ ಟೆಂಡರ್ ತಯಾರಾಗುತ್ತದೆ. ಐನೂರು ಕೋಟಿಯ ಟೆಂಡರು, ಅದೂ ಒಂದು ಕೆಂಪು ಫೈಲಿನಲ್ಲಿ, ಆ ಫೈಲು ಯಾವಾಗಲೂ ಸೋಫಾದ ಮೇಲೆ.

ಅಣ್ಣ ಒಳ್ಳೆಯವನು. ಎಷ್ಟು ಒಳ್ಳೆಯವನು ಅಂದರೆ ಮನೆಯಲ್ಲಿ ಒಂದು ಲೋಟ ಒಡೆದರೆ "ತಪ್ಪು ನನ್ನದೇ ಅಮ್ಮಾ" ಅನ್ನುತ್ತಾನೆ, ಲೋಟ ಒಡೆಯುವಾಗ ಅವನು ಆಫೀಸಿನಲ್ಲಿದ್ದರೂ. ತಮ್ಮ ಕಾಗದ ತಂದಿಟ್ಟರೆ ಓದದೆ ಸಹಿ ಹಾಕುತ್ತಾನೆ. ಓದಿದರೆ ತಮ್ಮನ ಮೇಲೆ ಸಂಶಯಪಟ್ಟ ಹಾಗಾಗುತ್ತದಂತೆ. ಹೀಗೆ ಮೊದಲು ಕಂಪನಿ ಹೋಯಿತು, ಆಮೇಲೆ ಮನೆ ಹೋಯಿತು, ಮೊನ್ನೆ ಹೆಂಡತಿಯೂ ತವರಿಗೆ ಹೋದಳು. ಅವಳು ಹೋಗುವಾಗ ಇವನು ಒಂದು ಮಾತು ಹೇಳಿದ್ದರೆ ಸಾಕಿತ್ತು. "ಆ ಫೋಟೋದಲ್ಲಿ ಇರುವುದು ನಾನಲ್ಲ ಮಾರಾಯ್ತಿ" ಅಂತ. ಹೇಳಲಿಲ್ಲ. ಕಣ್ಣು ತುಂಬಿಕೊಂಡು ಗೋಡೆ ನೋಡಿದ. ಗೋಡೆಗೆ ಮೂರು ಸಲ ಸಿಡಿಲು ಬಡಿಯಿತು.

ನಮ್ಮ ಮನೆಯವಳು ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಇಂಥ ಗಂಡಸು ಸಿಗಬೇಕಾದರೆ ಪುಣ್ಯ ಮಾಡಿರಬೇಕು." ಪಕ್ಕದಲ್ಲಿ ನಾನು ಕೂತಿದ್ದೆ, ಅವಳೇ ಹೇಳಿದ್ದಕ್ಕೆ ಗ್ಯಾಸ್ ಬುಕ್ ಮಾಡಿ.

ಈಗ ತಮ್ಮನನ್ನು ನೋಡಿ. ಕೆಟ್ಟವನು, ಒಪ್ಪಿದೆ. ಹಾಲಿನ ನಡುವೆ ನಿಂತು, ತನ್ನ ಸಂಚನ್ನೆಲ್ಲ ಇಡೀ ಮನೆಗೆ ಕೇಳುವಷ್ಟು ಜೋರಾಗಿ ಪಿಸುಗುಟ್ಟುತ್ತಾನೆ. ಆದರೆ ಅವನು ಬೆಳಿಗ್ಗೆ ಬೇಗ ಏಳುತ್ತಾನೆ. ಕಾಗದ ಓದುತ್ತಾನೆ. ವಕೀಲರಿಗೆ ಫೋನು ಮಾಡಿದರೆ ಒಂದೇ ರಿಂಗಿಗೆ ಎತ್ತುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವನ ಕೆಲಸ ಒಂದೇ ದಿನದಲ್ಲಿ ಆಗುತ್ತದೆ, ಸರ್ವರ್ ಡೌನ್ ಅನ್ನುವ ಮಾತೇ ಇಲ್ಲ. ಮನೆಯಲ್ಲಿ ಎಲ್ಲರ ಹುಟ್ಟುಹಬ್ಬ ನೆನಪಿಟ್ಟುಕೊಂಡಿರುವವನೂ ಅವನೊಬ್ಬನೇ. ಕೇಕಿಗೆ ವಿಷ ಹಾಕಲಿಕ್ಕೆ ಅನ್ನುವುದು ಬೇರೆ ವಿಷಯ, ನೆನಪಿಟ್ಟುಕೊಂಡಿದ್ದಾನೋ ಇಲ್ಲವೋ?

ಇದನ್ನು ಮನೆಯಲ್ಲಿ ಹೇಳಿದೆ. ಆ ದಿನ ನನಗೆ ಗಂಜಿ, ಚಟ್ನಿ. ಬೂತಾಯಿ ಮೀನಿನ ಪುಳಿಮುಂಚಿಯ ಪರಿಮಳ ಅಡುಗೆಮನೆಯಿಂದ ಬರುತ್ತಲೇ ಇತ್ತು.

ಅಣ್ಣ ಯಾಕೆ ಮಾತಾಡುವುದಿಲ್ಲ ಅನ್ನುವುದಕ್ಕೆ ದೊಡ್ಡ ತತ್ವ ಏನೂ ಇಲ್ಲ. ಮಾತಾಡಿದರೆ ಕಥೆ ಶುಕ್ರವಾರಕ್ಕೆ ಮುಗಿಯುತ್ತದೆ. ಟಿವಿಯಲ್ಲಿ ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಇರಬಾರದು ಅಂತ ನಿಯಮ ಉಂಟು. ಅಂದರೆ ಅರ್ಧ ಗಂಟೆಯಲ್ಲಿ ಕಥೆಗೆ 24 ನಿಮಿಷ. ಅದರಲ್ಲಿ ಅಣ್ಣ "ಅದು... ನಾನು..." ಅನ್ನುವಷ್ಟರಲ್ಲಿ ಅಡುಗೆಯವನು ಕಾಫಿ ತರುತ್ತಾನೆ, ಮುಗಿಯಿತು, ಉಳಿದದ್ದು ನಾಳೆ. (ಆ ಅಡುಗೆಯವನು ನಮ್ಮ ಕಡೆಯವನಂತೆ. ಪ್ರತಿ ವಾಕ್ಯದ ಕೊನೆಗೆ "ಎಂಥದು ಮಾರಾಯ್ರೆ" ಅನ್ನುತ್ತಾನೆ. ಇಡೀ ಕರಾವಳಿಯಿಂದ ಸೀರಿಯಲ್ಲಿಗೆ ಸಿಕ್ಕಿದ್ದು ಅವನೊಬ್ಬ, ಅವನ ಕೈಯಲ್ಲೂ ಒಂದು ನೀರ್ದೋಸೆ ಮಾಡಿಸಿಲ್ಲ.) ಗುರುವಾರ ಟಿಆರ್‌ಪಿ ಬರುತ್ತದೆ. ಅಣ್ಣನ ಕಣ್ಣೀರಿಗೆ ನಂಬರು ಏರಿದರೆ ಮುಂದಿನ ವಾರವೂ ಅವನು ಗೋಡೆ ನೋಡಬೇಕು. ದೂರದರ್ಶನದ ರಾಮಾಯಣ 1987ರ ಜನವರಿಯಲ್ಲಿ ಶುರುವಾಗಿ 78 ಕಂತುಗಳಲ್ಲಿ ಮುಗಿಯಿತು. ಅಷ್ಟರಲ್ಲಿ ವನವಾಸ, ಸೇತುವೆ, ಯುದ್ಧ, ಪಟ್ಟಾಭಿಷೇಕ ಎಲ್ಲ ಆಯಿತು, ಭರತ ಪಾದುಕೆ ಹೊತ್ತುಕೊಂಡು ಹೋಗಿ ಅದನ್ನು ವಾಪಸೂ ಕೊಟ್ಟ. ನಮ್ಮ ಅಣ್ಣನಿಗೆ 78 ಕಂತಿನಲ್ಲಿ ಕಪಾಟಿನ ಬೀಗದ ಕೈ ಸಿಕ್ಕಿಲ್ಲ.

ನನಗೆ ಬೇಜಾರಾಗುವುದು ಏನೆಂದರೆ, ನಾವು ಅಣ್ಣತಮ್ಮಂದಿರ ಜಗಳ ನೋಡಲು ಗೊತ್ತಿಲ್ಲದ ಜನ ಅಲ್ಲ. ವಾಲಿ ಸುಗ್ರೀವರನ್ನು ರಾತ್ರಿಯಿಡೀ ಕೂತು ಕೇಳಿದವರು. ತಾಳಮದ್ದಳೆ ಅಂದರೆ ಯಕ್ಷಗಾನದ ಮಾತಿನ ಕೂಟ, ಅಲ್ಲಿ ವೇಷವೂ ಇಲ್ಲ, ಬಣ್ಣವೂ ಇಲ್ಲ, ಪಂಚೆ ಉಟ್ಟು ಶಾಲು ಹೊದ್ದವರು ಎದುರುಬದುರು ಕೂತಿರುತ್ತಾರೆ ಅಷ್ಟೆ. ಯಾರು ಒಳ್ಳೆಯವನು ಅಂತ ಮುಖ ನೋಡಿ ಹೇಳಲಿಕ್ಕೆ ಆಗುವುದಿಲ್ಲ. ಸುಗ್ರೀವ ಹೇಳುತ್ತಾನೆ, ಗುಹೆಯ ಬಾಗಿಲಲ್ಲಿ ಒಂದು ವರ್ಷ ಕಾದೆ, ರಕ್ತ ಹರಿದು ಬಂತು, ಅಣ್ಣ ಸತ್ತ ಅಂತ ತಿಳಿದು ಬಂಡೆ ಮುಚ್ಚಿದೆ. ಸರಿ ಅಲ್ವಾ ಅನಿಸುತ್ತದೆ. ವಾಲಿ ಬಾಯಿ ತೆರೆದರೆ ಅದೂ ಸರಿ ಅನಿಸುತ್ತದೆ. ಬಾಣ ತಿಂದು ಬಿದ್ದ ಮೇಲಂತೂ ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ನ್ಯಾಯ ಅಂತ ರಾಮನನ್ನೇ ಹಿಡಿದು ನಿಲ್ಲಿಸುತ್ತಾನೆ. ತಾಳಮದ್ದಳೆಯ ದೊಡ್ಡ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇವತ್ತಿಗೂ ಆ ಮಾತು ತೆಗೆಯುತ್ತಾರೆ. ಬೆಳಿಗ್ಗೆ ಮನೆಗೆ ಹೋಗುವಾಗ ದಾರಿಯಲ್ಲಿ ವಾಲಿ ಕಡೆ ಒಂದು ಪಾರ್ಟಿ, ರಾಮನ ಕಡೆ ಒಂದು ಪಾರ್ಟಿ, ಹೋಟೆಲಲ್ಲಿ ಬನ್ಸ್ ತಿಂದು ಮುಗಿದರೂ ವಾದ ಮುಗಿಯುತ್ತಿರಲಿಲ್ಲ.

ಅದರಲ್ಲೂ ಮೊದಲ ಯುದ್ಧದಲ್ಲಿ ಏನಾಯಿತು? ಇಬ್ಬರೂ ನೋಡಲು ಒಂದೇ ತರಹ. ರಾಮನಿಗೇ ಯಾರು ಯಾರೆಂದು ತಿಳಿಯಲಿಲ್ಲ, ಬಾಣ ಬಿಡಲಿಲ್ಲ, ಸುಗ್ರೀವ ಪೆಟ್ಟು ತಿಂದು ಓಡಿ ಬಂದ. ಆಮೇಲೆ ಲಕ್ಷ್ಮಣ ಗಜಪುಷ್ಪಿಯ ಬಳ್ಳಿ ತಂದು ಅವನ ಕೊರಳಿಗೆ ಹಾಕಬೇಕಾಯಿತು. ದೇವರಿಗೇ ಗುರುತು ಸಿಗದ ವಿಷಯ ಅದು. ಸೀರಿಯಲ್ಲಿನವರಿಗೆ ಆ ಕಷ್ಟ ಇಲ್ಲ. ಗಡ್ಡ ಇದ್ದವನು ಕೆಟ್ಟವನು, ಇಲ್ಲದವನು ಒಳ್ಳೆಯವನು. ಬಳ್ಳಿ ಹುಡುಕುವ ಬದಲು ಒಂದು ಟ್ರಿಮ್ಮರ್ ಸಾಕು.

ಎರಡನೇ ಮಾಳಿಗೆಯ ಅಜ್ಜಿಗೆ ಮಾತ್ರ ಈ ಕಥೆ ತಲೆಗೆ ಹತ್ತುವುದೇ ಇಲ್ಲ. ಅವರದು ಅಳಿಯಸಂತಾನದ ಮನೆ, ಅಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಮನೆ. ಗುತ್ತಿನಲ್ಲಿ, ಊರಿನ ದೊಡ್ಡ ಮನೆತನದಲ್ಲಿ, ಬೆಳೆದವರು. ಒಂದು ದಿನ ಇಡೀ ಕಂತು ನೋಡಿ ಕೇಳಿದರು: "ಅಲ್ಲ ಮಗಾ, ವಂಶದ ಹಿರಿಮಗ, ವಂಶದ ಆಸ್ತಿ ಅಂತ ಇವರಿಬ್ಬರು ಯಾಕೆ ಕಚ್ಚಾಡುವುದು? ಆಸ್ತಿ ತಂಗಿಯ ಮಕ್ಕಳಿಗಲ್ವಾ?" ನಾನು, ಈಗ ಹಾಗಿಲ್ಲ ಅಜ್ಜಿ, 1949ರ ಅಳಿಯಸಂತಾನ ಕಾಯ್ದೆಯಲ್ಲೇ ಪಾಲು ಮಾಡಿಕೊಳ್ಳುವ ದಾರಿ ಆಯಿತು, ಮತ್ತೆ 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು ಅಂತೆಲ್ಲ ಹೇಳಿದೆ. "ಅದೆಲ್ಲ ಇರಲಿ. ಇವರಿಗೊಬ್ಬಳು ತಂಗಿ ಇದ್ದಾಳಲ್ಲ, ಅವಳು ಎಲ್ಲಿ?" ಅಂದರು. ಹೌದಲ್ಲ! ತಂಗಿ ಮೂರು ತಿಂಗಳ ಹಿಂದೆ ಹಾಲು ತರಲು ಅಡುಗೆಮನೆಗೆ ಹೋದವಳು. ಇನ್ನೂ ಬಂದಿಲ್ಲ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಸೀರಿಯಲ್ ಅವರವರ ಮನೆಯ ಟಿವಿಯಲ್ಲಿ ಇದ್ದಷ್ಟು ದಿನ ಯಾರಿಗೂ ತೊಂದರೆ ಇಲ್ಲ. ಹೋದ ವರ್ಷ ನಮ್ಮ ಅಸೋಸಿಯೇಶನ್ನಿಗೆ ಅಧ್ಯಕ್ಷರನ್ನು ಆರಿಸುವ ಮೀಟಿಂಗ್ ಇತ್ತು. ನಿಂತವರು ಇಬ್ಬರು. ಒಬ್ಬರು ನೆಲಮಹಡಿಯ ರಿಟೈರ್ಡ್ ಹಿರಿಯರು, ನಯವಾಗಿ ಶೇವ್ ಮಾಡಿದ ಮುಖ, ಸಿಕ್ಕಿದವರಿಗೆಲ್ಲ ಕೈಮುಗಿಯುವವರು. ಇನ್ನೊಬ್ಬ ಮೂರನೇ ಮಾಳಿಗೆಯ ಹುಡುಗ, ಎದೆಯ ತನಕ ಗಡ್ಡ, ಯಾವ ಬಿಲ್ಲು ತೋರಿಸಿದರೂ "ಜಿಎಸ್‌ಟಿ ನಂಬರ್ ಎಲ್ಲಿ?" ಅಂತ ಕೇಳುವವನು. ಚರ್ಚೆ ಎರಡು ನಿಮಿಷ ನಡೆಯಲಿಲ್ಲ. "ಅವರು ಥೇಟ್ ಆ ಅಣ್ಣನ ಹಾಗೆ" ಅಂತ ಯಾರೋ ಅಂದರು. "ಇವನನ್ನು ನೋಡಿದರೇ ಗೊತ್ತಾಗುತ್ತದೆ" ಅಂತ ಇನ್ಯಾರೋ. ಮುಗಿಯಿತು ಚುನಾವಣೆ.

ಅಧ್ಯಕ್ಷರು ಬಂದ ಒಂದೇ ತಿಂಗಳಲ್ಲಿ ಪೈಂಟಿಂಗ್ ಕಾಂಟ್ರಾಕ್ಟಿನ ಕಾಗದಕ್ಕೆ ಓದದೆ ಸಹಿ ಹಾಕಿದರು. ಪೈಂಟಿನವನು ಅಡ್ವಾನ್ಸ್ ತೆಗೆದುಕೊಂಡು ಹೋದವನು, ಏಣಿ ಮಾತ್ರ ಬಿಟ್ಟು ಹೋಗಿದ್ದಾನೆ. "ಪಾಪ, ಅವನಿಗೂ ಏನೋ ಕಷ್ಟ ಇರಬೇಕು" ಅಂದರು. ನಾವು ಕರಗಿ ಹೋದೆವು. ಏಪ್ರಿಲ್‌ನಲ್ಲಿ ಕಾರ್ಪೊರೇಶನ್ ನೀರು ದಿನ ಬಿಟ್ಟು ದಿನ ಆಯಿತು, ಅದೇ ಹೊತ್ತಿಗೆ ಪಂಪಿನ ಮೋಟಾರೂ ಸುಟ್ಟಿತು. ಅಧ್ಯಕ್ಷರು ಸಂಪಿನ ಹತ್ತಿರ ನಿಂತು ಕಣ್ಣು ತುಂಬಿಕೊಂಡರು. "ತಪ್ಪು ನನ್ನದೇ." ಹೆಂಗಸರೆಲ್ಲ ಅತ್ತರು. ಮೆಕ್ಯಾನಿಕ್ಕಿಗೆ ಫೋನು ಮಾಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ರಾತ್ರಿ ಹನ್ನೊಂದೂವರೆಗೆ ಟ್ಯಾಂಕರ್ ಬಂತು. ತರಿಸಿದವನು ಗಡ್ಡದ ಹುಡುಗ. ಡ್ರೈವರ್ ಹತ್ತಿರ ಜಗಳ ಮಾಡಿ ರೇಟು ಇಳಿಸಿ, ಮನೆ ಮನೆಗೆ ಬೆಲ್ ಹೊಡೆದು ದುಡ್ಡು ವಸೂಲಿ ಮಾಡಿ, ರಶೀದಿ ಕೊಟ್ಟು ಹೋದ. ನಾವು ಬಕೆಟ್ ಹಿಡಿದು ಸಾಲಿನಲ್ಲಿ ನಿಂತಿದ್ದೆವು. ನನ್ನ ಮುಂದಿನವರು ಮೆಲ್ಲ ಹೇಳಿದರು: "ಇವನಿಗೆ ಯಾಕೆ ಇಷ್ಟು ಮುತುವರ್ಜಿ? ಏನೋ ಸಂಚು ಉಂಟು." ಸಾಲಿನಲ್ಲಿದ್ದವರೆಲ್ಲ ಹೌದು ಹೌದು ಅಂದರು, ಬಕೆಟ್ ಮುಂದೆ ದೂಡುತ್ತಾ.

ಈ ವರ್ಷ ಮತ್ತೆ ಚುನಾವಣೆ. ಹುಡುಗ ಬುದ್ಧಿವಂತ. ಮೀಟಿಂಗಿನ ಹಿಂದಿನ ದಿನ ಗಡ್ಡ ಬೋಳಿಸಿ, ಬಿಳಿ ಅಂಗಿ ಹಾಕಿಕೊಂಡು ಬಂದ. "ಎಷ್ಟು ಒಳ್ಳೆಯ ಮುಖ ಅಲ್ವಾ, ನಾವೇ ತಪ್ಪು ತಿಳಿದುಕೊಂಡೆವು" ಅಂದಳು ನಮ್ಮ ಮನೆಯವಳು. ಅವಿರೋಧ ಆಯ್ಕೆ. ನಾನೂ ಚಪ್ಪಾಳೆ ಹೊಡೆದೆ, ಇನ್ನಾದರೂ ಕೆಲಸ ಆಗುತ್ತದೆ ಅಂತ.

ಮೊನ್ನೆ ಮಂಗಳವಾರ ಲಿಫ್ಟ್ ಕೆಟ್ಟಿತು. ಕೈಯಲ್ಲಿ ಎರಡು ಚೀಲ ತರಕಾರಿ, ಹತ್ತು ಕೆಜಿ ಕುಚ್ಚಲಕ್ಕಿ, ನಮ್ಮದು ಐದನೇ ಮಾಳಿಗೆ. ಅವನಿಗೆ ಫೋನು ಮಾಡಿದೆ. ಎತ್ತಿದ. ಸ್ವಲ್ಪ ಹೊತ್ತು ಮಾತೇ ಇಲ್ಲ. ಮತ್ತೆ ಒಂದು ಉದ್ದದ ನಿಟ್ಟುಸಿರು ಕೇಳಿಸಿತು.

"ತಪ್ಪು ನನ್ನದೇ ಅಂಕಲ್."

ನಾನು ಅಕ್ಕಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ.