ಸಲಗದ ಸಾರ್ವಭೌಮತ್ವ

ಕಳೆದ ವಾರ ಕೊಡಗಿನ ನಮ್ಮ ಕಾಫಿ ತೋಟದಲ್ಲಿ ಹೊಸದೊಂದು ರಾಷ್ಟ್ರ ಉದಯಿಸಿತು. ಬೆಳಗಿನ ಜಾವ ನಾಲ್ಕರ ಸುಮಾರಿಗೆ, ಹಲಸಿನ ಮರದ ಬುಡದಲ್ಲಿ. ಏಳು ಆನೆ, ಅದರಲ್ಲಿ ಎರಡು ಮರಿ. ಸೋಲಾರ್ ಬೇಲಿಯ ಮೇಲೆ ಒಣಮರ ಕೆಡವಿಕೊಂಡು ದಾಟಿದವು. ಕಂದಕವನ್ನು ಮಳೆಯೇ ಮುಚ್ಚಿಕೊಟ್ಟಿತ್ತು. ಬೆಳಕು ಹರಿಯುವ ಹೊತ್ತಿಗೆ ಗೇಟು, ನೀರಿನ ಪೈಪು, ಅಪ್ಪ ನೆಟ್ಟ ರೋಬಸ್ಟಾದ ಎರಡು ಸಾಲು, ಎಲ್ಲವೂ ಹಿಂದಿನ ಆಡಳಿತದ ಪಳೆಯುಳಿಕೆಗಳಾಗಿದ್ದವು.

ನಗಬೇಡಿ. 1933ರಲ್ಲಿ ಅಮೆರಿಕ ಖಂಡದ ದೇಶಗಳು ಉರುಗ್ವೆಯ ಮಾಂಟೆವಿಡಿಯೊದಲ್ಲಿ ಕೂತು, ರಾಷ್ಟ್ರ ಅನ್ನಿಸಿಕೊಳ್ಳಲು ಏನೇನು ಬೇಕು ಎಂದು ಬರೆದಿಟ್ಟಿವೆ. ಕಾಯಂ ಜನ, ಗೊತ್ತಾದ ನೆಲ, ಒಂದು ಸರ್ಕಾರ, ಬೇರೆ ರಾಷ್ಟ್ರಗಳ ಜೊತೆ ವ್ಯವಹರಿಸುವ ಸಾಮರ್ಥ್ಯ. ಜನ? ಆ ಮರಿಗಳೆರಡೂ ಕಾಫಿ ತೋಟದಲ್ಲೇ ಹುಟ್ಟಿದವು, ಕಾಡು ಕಂಡ ಹಾಗೆ ಕಾಣುವುದಿಲ್ಲ. ನೆಲ? ನಮ್ಮ ಗದ್ದೆಯಿಂದ ಪಕ್ಕದ ತೋಟದ ಕೆರೆಯವರೆಗೆ, ಎಲ್ಲೆ ತಪ್ಪಿದ್ದು ನಾನು ಕಂಡಿಲ್ಲ. ಸರ್ಕಾರ? ಮುದಿ ಹೆಣ್ಣಾನೆಯೊಂದಿದೆ. ಸಂಪುಟ ವಿಸ್ತರಣೆಯ ತಲೆನೋವಿಲ್ಲ, ಬೆಂಬಲಿಗರನ್ನು ರೆಸಾರ್ಟಿಗೆ ಸಾಗಿಸುವ ಖರ್ಚಿಲ್ಲ. ರೆಸಾರ್ಟುಗಳೆಲ್ಲ ಹೇಗೂ ಅದರ ದಾರಿಯಲ್ಲೇ ಇವೆ. ಇನ್ನು ವಿದೇಶ ವ್ಯವಹಾರ. ದಿನಾ ಸಂಜೆ ನಮ್ಮ ವಾಟ್ಸ್‌ಆ್ಯಪಿಗೆ ಬರುತ್ತದಲ್ಲ, 'ಆನೆಗಳು ಇಂಥ ತೋಟದಲ್ಲಿವೆ, ಕೆಲಸದವರು ಆ ಕಡೆ ಹೋಗಬೇಡಿ' ಅಂತ, ಅದು ಪ್ರವಾಸ ಸಲಹೆ ಅಲ್ಲದೆ ಮತ್ತೇನು?

ಈಗ ನನ್ನ ಪಾಡು ಕೇಳಿ. ನಾಲ್ಕು ತಲೆಮಾರಿನಿಂದ ಇದೇ ಮಣ್ಣಿನಲ್ಲಿದ್ದೇವೆ. ಜಮ್ಮಾ ಜಾಗ, ಅಂದರೆ ಕೊಡಗಿನ ವಂಶಪಾರಂಪರ್ಯ ಹಿಡುವಳಿ. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಇಂದಿಗೂ ಮುತ್ತಜ್ಜನ ಹೆಸರೇ ಮೊದಲು, ಕೆಳಗೆ ಅವರಿವರ ಹೆಸರು. ನನ್ನದು ಹುಡುಕಿದರೂ ಸಿಗದು. ಬೆಳೆ ಪರಿಹಾರಕ್ಕೆ ಹೋದರೆ ಒಂದು ಕಚೇರಿಯವರು ಕನ್ನಡಕದ ಮೇಲಿನಿಂದ ನೋಡಿ, "ನೀವೇ ಮಾಲೀಕರು ಅನ್ನೋಕೆ ದಾಖಲೆ?" ಅಂದರು. ಆನೆಯನ್ನು ಯಾರೂ ದಾಖಲೆ ಕೇಳಿರಲಿಲ್ಲ. ನನ್ನ ರೋಬಸ್ಟಾಕ್ಕೆ ಬೆಲೆ ಕಟ್ಟುವುದು ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್. ನಾನು ಕಟ್ಟುವುದು ಬೇಲಿ ಒಂದೇ. ಅದರ ಗತಿ ಮೇಲೆ ಹೇಳಿದೆ.

ಖಾತೆ ಬದಲಾವಣೆ ತಡವಾಗುವುದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ. ವಿಶ್ವಸಂಸ್ಥೆಯದ್ದೂ ಅದೇ ಕಥೆ. 1949ರಿಂದ ಚೀನಾದ ಅಷ್ಟು ದೊಡ್ಡ ನೆಲ ಆಳಿದವರು ಬೀಜಿಂಗಿನವರು. ವಿಶ್ವಸಂಸ್ಥೆಯಲ್ಲಿ 'ಚೀನಾ' ಎಂಬ ಕುರ್ಚಿಯಲ್ಲಿ ಕೂತವರು ಮಾತ್ರ ತೈವಾನ್ ದ್ವೀಪಕ್ಕೆ ಓಡಿಹೋದವರು, ಅದೂ 1971ರ ಅಕ್ಟೋಬರ್‌ವರೆಗೆ. ಇಪ್ಪತ್ತೆರಡು ವರ್ಷ ಪಹಣಿ ತಿದ್ದುಪಡಿ ಬಾಕಿ! ಕಾಂಬೋಡಿಯಾದಲ್ಲಿ ಸರ್ವಾಧಿಕಾರಿ ಪೋಲ್ ಪಾಟ್ ಕಡೆಯವರನ್ನು 1979ರ ಜನವರಿಯಲ್ಲೇ ಓಡಿಸಿದರೂ, ಆಮೇಲೆ ವರ್ಷಗಟ್ಟಲೆ ವಿಶ್ವಸಂಸ್ಥೆಯ ಕುರ್ಚಿ ಅವರ ಕಡೆಗೇ ಇತ್ತು. ನಮ್ಮ ಕಚೇರಿಯವರನ್ನು ನ್ಯೂಯಾರ್ಕಿಗೆ ವರ್ಗ ಮಾಡಿದರೆ ಒಂದು ದಿನವೂ ತರಬೇತಿ ಬೇಕಾಗದು.

ಒಂದು ನೆಲದೊಳಗೆ ನ್ಯಾಯಬದ್ಧವಾಗಿ ಬಲ ಪ್ರಯೋಗಿಸುವ ಹಕ್ಕನ್ನು ತನ್ನೊಬ್ಬನದೇ ಎಂದು ಸಾಧಿಸಿದ್ದೇ ಪ್ರಭುತ್ವ ಅಂತ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1919ರಲ್ಲಿ ಮ್ಯೂನಿಕ್‌ನಲ್ಲಿ ಹೇಳಿದ. ಕೈಲ್‌ಪೊಳ್ದ್ ಎಂಬ ನಮ್ಮ ಆಯುಧಪೂಜೆಯ ಹಬ್ಬದ ದಿನ ನಮ್ಮೂರಿಗೆ ಬಂದಿದ್ದರೆ ಆ ಮಾತು ಗಂಟಲಲ್ಲೇ ನಿಲ್ಲುತ್ತಿತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ. ಅವತ್ತು ಮನೆಮನೆಯಲ್ಲೂ ಕೋವಿಗೆ ಹೂವು. ಆದರೆ ಆನೆ ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿದೆ, ಕೋವಿ ಎತ್ತುವ ಹಾಗಿಲ್ಲ. ಬಲ ನಮ್ಮ ಗೋಡೆಯ ಮೇಲೆ, ನ್ಯಾಯ ಕಾಯ್ದೆಯಲ್ಲಿ. ಆನೆಗೆ ಎರಡೂ ಇವೆ.

ಇದನ್ನೆಲ್ಲ ಸಿದ್ದಾಪುರದ ಕಾಕನ ಹೋಟೆಲಿನಲ್ಲಿ ಹೇಳಿದಾಗ ಪಕ್ಕದ ಎಸ್ಟೇಟಿನ ರೈಟ್ರು ಬಿದ್ದು ಬಿದ್ದು ನಕ್ಕರು.

"ಹಾಗಾದ್ರೆ ಆ ಒಂಟಿ ಸಲಗ ಯಾರಣ್ಣಾ? ಯಾವ ಹಿಂಡಿಗೂ ಸೇರಿಲ್ಲ, ಎಲ್ಲ ತೋಟಕ್ಕೂ ಹೋಗ್ತದೆ."

"ಅದು ಕಾಯಂ ಸದಸ್ಯ. ವೀಟೊ ಇರೋದು."

"ಆನೆ ಮೇಲೆ ದೂರು ಕೊಡೋ ಸಭೆಗೆ ಆನೆನೇ ಅಧ್ಯಕ್ಷ ಆದ್ರೆ?"

"ಅದೂ ಆಗಿದೆ," ಅಂದೆ. 2022ರ ಫೆಬ್ರುವರಿ 25. ಉಕ್ರೇನಿನ ಮೇಲಿನ ದಾಳಿಯನ್ನು ಖಂಡಿಸುವ ನಿರ್ಣಯ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಬಂತು. ಆ ತಿಂಗಳು ಮಂಡಳಿಯ ಅಧ್ಯಕ್ಷತೆ ರಷ್ಯಾದ್ದೇ. ಹದಿನೈದರಲ್ಲಿ ಪರವಾಗಿ ಹನ್ನೊಂದು. ನಮ್ಮ ಭಾರತವೂ ಸೇರಿ ಮೂರು ದೇಶ ತಟಸ್ಥ. ವಿರುದ್ಧ ಒಂದೇ ಕೈ, ಅಧ್ಯಕ್ಷರದ್ದು. ಕಾಯಂ ಸದಸ್ಯನ ಒಂದು 'ಬೇಡ'ವೇ ವೀಟೊ, ನಿರ್ಣಯ ಬಿತ್ತು. ಆ ಕಡೆಯ ಸಲಗ ಒಂದೇ ಅಂತಲ್ಲ. 2024ರ ಏಪ್ರಿಲ್‌ನಲ್ಲಿ ಪ್ಯಾಲೆಸ್ಟೀನ್‌ಗೆ ಪೂರ್ಣ ಸದಸ್ಯತ್ವ ಕೊಡಬೇಕೆಂದು ಹನ್ನೆರಡು ದೇಶ ಕೈ ಎತ್ತಿದಾಗ, ಬೇಡ ಎಂದು ಎತ್ತಿದ ಒಂದೇ ಕೈ ಅಮೆರಿಕದ್ದು. ಇದೇ ವಿಶ್ವಸಂಸ್ಥೆಯ ಸನ್ನದಿನ ಎರಡನೇ ವಿಧಿ, ಎಲ್ಲ ಸದಸ್ಯರೂ ಸಾರ್ವಭೌಮತ್ವದಲ್ಲಿ ಸಮಾನರು ಎನ್ನುತ್ತದೆ. ಕಾಕ ಟೀ ಎತ್ತಿ ಸುರಿಯುತ್ತಾ, "ನಮ್ಮ ಬೋರ್ಡಲ್ಲೂ 'ಸಾಲ ಇಲ್ಲ' ಅಂತಲೇ ಉಂಟು" ಅಂದ.

ಮಾನ್ಯತೆಯ ಕಾಗದ ಹೇಗೆ ಹುಟ್ಟುತ್ತದೆ ಎನ್ನುವುದನ್ನು ಕೊಡಗಿನವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. 1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದಂಡು ಹಲವು ದಿಕ್ಕಿನಿಂದ ನುಗ್ಗಿತು, ಮಡಿಕೇರಿಯ ಕೋಟೆಯಲ್ಲಿ ಬಾವುಟ ಏರಿಸಿತು, ಚಿಕ್ಕವೀರರಾಜನನ್ನು ಇಳಿಸಿತು. ಮೇ ತಿಂಗಳಲ್ಲಿ ಕರ್ನಲ್ ಫ್ರೇಜರ್ ಹೊರಡಿಸಿದ ಘೋಷಣೆಯ ಪ್ರಕಾರ, ಕಂಪನಿ ಸರ್ಕಾರದ ಆಶ್ರಯ ಕೊಡಗಿನ ಜನರ ಸರ್ವಾನುಮತದ ಅಪೇಕ್ಷೆಯಾಗಿತ್ತು. ಮೊದಲು ದಂಡು, ಆಮೇಲೆ ಅಪೇಕ್ಷೆ. 2014ರಲ್ಲಿ ಕ್ರಿಮಿಯಾ ರಷ್ಯಾಕ್ಕೆ ಸೇರಬೇಕೇ ಎಂದು ಸೈನಿಕರ ನಡುವೆ ಮತಪೆಟ್ಟಿಗೆ ಇಟ್ಟವರಿಗೂ ಘೋಷಿಸಲು ಸಿಕ್ಕಿದ್ದು ಶೇ 97ರ ಆಸುಪಾಸು. ಫ್ರೇಜರ್ ಸಾಹೇಬ ಪೆಟ್ಟಿಗೆಯನ್ನೇ ಇಡದೆ ನೂರಕ್ಕೆ ನೂರು ತೆಗೆದ! ಮೂರೇ ವರ್ಷಕ್ಕೆ, 1837ರಲ್ಲಿ, ಸರ್ವಾನುಮತ ಕೊಟ್ಟ ಅದೇ ಜನ ಅಮರ ಸುಳ್ಯದ ಕಡೆ ದಂಗೆ ಎದ್ದರು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಆ ನೇಣಿಗೂ ಸರ್ವಾನುಮತ ಇತ್ತೋ ಏನೋ, ಘೋಷಣೆ ಕಣ್ಣಿಗೆ ಬಿದ್ದಿಲ್ಲ.

ಮೊನ್ನೆ ಪಕ್ಕದ ತೋಟದವರ ಫೋನು: "ನಿಮ್ಮ ಆನೆಗಳು ನಮ್ಮ ಕೆರೆಗೆ ಇಳಿದಿವೆ." ನಮ್ಮದಲ್ಲ, ನಾವಿನ್ನೂ ಮಾನ್ಯತೆ ಕೊಟ್ಟಿಲ್ಲ ಎಂದು ಫೋನಿಟ್ಟೆ.

ನಿನ್ನೆ ಪರಿಹಾರದ ಅರ್ಜಿಗೆ ಉತ್ತರ ಬಂತು. ದಾರಿಯಲ್ಲಿ ಆನೆ ನಿಂತಿದ್ದರಿಂದ ಪೋಸ್ಟ್‌ಮ್ಯಾನ್ ಮನೆತನಕ ಬರದೆ ಕಾಕನ ಹೋಟೆಲಿನಲ್ಲಿ ಕೊಟ್ಟು ಹೋಗಿದ್ದ. ಲಕೋಟೆಯ ಮೇಲೆ ಮುತ್ತಜ್ಜನ ಹೆಸರು. ಒಳಗೆ ಎರಡೇ ಸಾಲು: ದಾಖಲೆಗಳ ಪರಿಶೀಲನೆಗೆ ತಾವು ಏಳು ದಿನದೊಳಗೆ ಖುದ್ದು ಹಾಜರಾಗತಕ್ಕದ್ದು.